ಡೇಲಿಯಾ ಪಕ್ಕದ ಬಿಳಿ

ವಾರವೆಲ್ಲ ನಮ್ಮತ್ತೆ ಕನ್ನಡಕದ ಅಂಗಡೀಲಿ ನಿಂತು ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ, "ಈಗ ಕಾಣಿಸ್ತಾ?" ಭಾನುವಾರ ಬಂತೋ, ಮಡಚೋ ಸ್ಟೂಲು, ಬಣ್ಣದ ಡಬ್ಬಿ, ನೀರಿನ ಬಾಟಲಿ, ಇಡೀ ಸಂಸಾರ ಮುಚ್ಚುವಷ್ಟು ದೊಡ್ಡ ಕಪ್ಪು ಕೊಡೆ, ಎಲ್ಲ ಹೊತ್ಕೊಂಡು ಊರಿನ ಯಾವುದಾದ್ರೂ ಹೂದೋಟಕ್ಕೆ ಹೊರಟೇಬಿಡ್ತಾರೆ. ಬೀದಿಯವರಿಗೆ ಅವರು ಕೊಡೆ ಅಕ್ಕ. ಮಳೆ ಬಂದ್ರೆ ಕೊಡೆ ಚಿತ್ರಕ್ಕೆ, ನೆನೆಯೋದು ಅತ್ತೆ!

ಅತ್ತೆ ಮಾಡೋದು ಬರೀ ವಾಟರ್ ಕಲರ್. ಅದರಲ್ಲಿ ಬಿಳಿ ಬಣ್ಣ ಅಂತ ಹಚ್ಚೋದೇ ಇಲ್ಲ, ಬಿಳಿ ಬೇಕಾದ ಕಡೆ ಕಾಗದ ಹಾಗೇ ಬಿಟ್ಟುಬಿಡಬೇಕು. "ಗಿಡ ಹೂ ಬಿಡುತ್ತೆ, ನಾನು ಕಾಗದ ಬಿಡ್ತೀನಿ, ಇಬ್ಬರದೂ ಒಂದೇ ಕಸುಬು ಕಣೇ" ಅಂತಾರೆ. ಇನ್ನೊಂದು ನಿಯಮ ಇದೆ. ಮೊದಲು ಆಕಾಶ, ಆಮೇಲೆ ಮರ, ಆಮೇಲೆ ಹೂ. ಮನುಷ್ಯರು ಕಟ್ಟಕಡೆಗೆ. ಅಲ್ಲೀವರೆಗೂ ಅವರ ಜಾಗ ಬಿಳಿ. ಯಾಕೆ ಅಂದ್ರೆ, "ಮನುಷ್ಯ ಕಾಯ್ತಾನೆ, ಬೆಳಕು ಕಾಯಲ್ಲ."

ದೊಡ್ಡ ಪಾರ್ಕಿನ ಡೇಲಿಯಾ ಪಾತಿ ನೋಡ್ಕೊಳ್ತಿದ್ದ ಮಾಲಿಗೂ ಅತ್ತೆಗೂ ಪ್ರತಿ ವಾರ ಜಗಳ. ಒಣಕಲು ಮನುಷ್ಯ, ಹುಲ್ಲಿನ ಟೋಪಿ ಮೂಗಿನ ತನಕ.

"ಅಮ್ಮಾವ್ರೇ, ನನ್ನ ಡೇಲಿಯಾ ಇಷ್ಟು ದಪ್ಪ ಇಲ್ಲ. ಊದಿಸಬೇಡಿ."

"ಬೆಳೆಸೋದು ನಿಮ್ಮ ಕೆಲಸ, ಊದಿಸೋದು ನಂದು."

"ಹಾಗಾದ್ರೆ ನನ್ನನ್ನೂ ಸ್ವಲ್ಪ ಊದಿಸಿ. ಮನೇಲಿ ಹೆಂಡ್ತಿ ಕಡ್ಡಿಪೈಲ್ವಾನ್ ಅಂತಾಳೆ."

"ಒಂದು ಕಡೆ ನಿಂತ್ಕೊಂಡ್ರೆ ತಾನೇ? ನಿಮ್ಮ ಕಾಲಿಗೆ ಚಕ್ರ ಕಟ್ಟಿದೆ."

ಒಂದು ಭಾನುವಾರ ಅವರು ನಿಜವಾಗ್ಲೂ ನಿಂತುಬಿಟ್ರು. ಒಂದು ಕೈ ಟೋಪಿ ಮೇಲೆ, ಇನ್ನೊಂದು ಸೊಂಟದ ಮೇಲೆ. ಅತ್ತೆ ಅವರ ಸುತ್ತ ಡೇಲಿಯಾ ಎಲ್ಲ ತುಂಬಿಸಿದ್ರು, ನಡುವೆ ಅವರಿಗೆ ಬಿಳಿ ಜಾಗ ಬಿಟ್ರು. ಅಷ್ಟರಲ್ಲಿ ಮೋಡ ಬಂತು. "ಮುಂದಿನ ವಾರ ನಿಮ್ಮನ್ನ ತುಂಬ್ತೀನಿ" ಅಂದ್ರು. ಮುಂದಿನ ವಾರ ಹೋದ್ರೆ ಮಾಲಿ ಇಲ್ಲ. ಮಲಗಿದವರು ಏಳಲೇ ಇಲ್ಲವಂತೆ, ಹಾರ್ಟು, ಅಂತ ಗೇಟಿನ ವಾಚ್‌ಮನ್ ಹೇಳಿದ್ರು. ಅತ್ತೆ ಆ ಚಿತ್ರಾನ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ರು.

ಆಮೇಲೆ ಅತ್ತೆಯ ಹೊಸ ಚಿತ್ರಗಳನ್ನ ನಾನು ಫೋನಲ್ಲಿ ಪೋಸ್ಟ್ ಮಾಡೋಕೆ ಶುರು ಮಾಡಿದೆ. ಎಂಥ ಲೈಕುಗಳು ಅಂತೀರಿ! ಆದ್ರೆ ಒಬ್ಬರು ಕೇಳಿದ್ರು, "ಎಲ್ಲ ಚಿತ್ರದಲ್ಲೂ ಬಿಳಿ ಬಟ್ಟೆಯವರು ನಿಂತಿದಾರಲ್ಲ, ಯಾರದು?" ಯಾರೂ ಇಲ್ವಲ್ಲಪ್ಪಾ ಅಂತ ಹಳೇ ಪೋಸ್ಟುಗಳಿಗೆ ಹೋಗಿ ನೋಡ್ತೀನಿ, ನಿಂತಿದಾರೆ. ಕೆರೆ ದಂಡೆಯ ಚೆಂಡುಹೂವಿನ ನಡುವೆ. ಆಸ್ಪತ್ರೆ ಮುಂದಿನ ಗುಲಾಬಿ ಹಿಂದೆ. ಲೈಬ್ರರಿ ಕಾಂಪೌಂಡಿನ ಬಳ್ಳಿ ಕೆಳಗೆ. ಒಂದು ಕೈ ತಲೆ ಮೇಲೆ, ಒಂದು ಕೈ ಸೊಂಟದ ಮೇಲೆ, ಬಿಳೀ ಕಾಗದ!

"ನಾನು ಬೇಕಂತ ಬಿಟ್ಟಿಲ್ಲ ಕಣೇ. ಬ್ರಷ್ ಅಲ್ಲಿಗೆ ಬಂದ್ರೆ ತಾನಾಗೇ ಸುತ್ತಿಕೊಂಡು ಹೋಗುತ್ತೆ" ಅಂದ್ರು ಅತ್ತೆ.

ನಮ್ಮಪ್ಪ, ಅಂದ್ರೆ ಅತ್ತೆಯ ತಮ್ಮ, ನಕ್ಕರು. "ಅಕ್ಕಾ, ನಿನ್ನ ಬ್ರಷ್‌ಗೆ ಗಾಳಿ ಮೆಟ್ಟಿದೆ."

"ಮೆಟ್ಟಲಿ ಬಿಡೋ. ನಿನಗೆ ಮೆಟ್ಟಿರೋ ಸೋಮಾರಿತನಕ್ಕಿಂತ ವಾಸಿ."

ಅತ್ತೆ ಅದನ್ನ ತಮಾಷೆಗೆ ಅಂದಿದ್ದಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು. ಒಂದಿನ ಸಾಮಾನು ಕಟ್ಟುವಾಗ ಅತ್ತೆ ಚಿತ್ರದ ಹತ್ತಿರ ಬಗ್ಗಿ ಮೆಲ್ಲಗೆ, "ಬರ್ತೀನಿ" ಅಂದ್ರು. ನನಗಲ್ಲ.

ಹೀಗಿರುವಾಗ ಒಂದು ಭಾನುವಾರ ಬಸ್ ಕಂಡಕ್ಟರ್ ಯೂನಿಫಾರ್ಮಲ್ಲೇ ಒಬ್ಬರು ಅತ್ತೇನ ಹುಡುಕ್ಕೊಂಡು ಪಾರ್ಕಿಗೆ ಬಂದ್ರು. ಮಾಲಿಯ ಮಗಳು. ಫೋನಲ್ಲಿ ನಮ್ಮ ಪೋಸ್ಟುಗಳು.

"ಮೇಡಂ, ಇದು ನಮ್ಮಪ್ಪ ನಿಲ್ಲೋ ಥರ. ಸೊಂಟ ನೋವಿತ್ತಲ್ಲ, ಹೀಗೇ ನಿಲ್ತಿದ್ರು."

ಅತ್ತೆ ಸ್ಟೂಲಿಂದ ಎದ್ದೇಬಿಟ್ರು.

"ಕೊನೇ ದಿನ ಮನೆಗೆ ಬಂದು, ಮುಂದಿನ ವಾರ ನಾನು ಚಿತ್ರದಲ್ಲಿ ಬರ್ತೀನಿ ಅಂತ ಕುಣಿದಾಡಿದ್ರು. ಈಗ ಅಮ್ಮನಿಗೆ ಇವನ್ನೆಲ್ಲ ತೋರಿಸಿ ತಪ್ಪು ಮಾಡಿದೆ. ಊಟ ಸೇರ್ತಿಲ್ಲ ಅವಳಿಗೆ. 'ನಿಮ್ಮಪ್ಪ ಇನ್ನೂ ನಿಂತೇ ಇದಾರೆ, ತೋಟದಿಂದ ತೋಟಕ್ಕೆ ಆ ಚಿತ್ರದ ಮೇಡಂ ಹಿಂದೆ ಅಲೀತಿದಾರೆ, ಕಾಲು ಎಷ್ಟು ನೋಯ್ತಿದೆಯೋ' ಅಂತ ಅಳ್ತಾಳೆ. 'ಬೇಗ ಚಿತ್ರದಲ್ಲಿ ಹಾಕಿ ಕಳಿಸ್ಬಿಡೋಕೆ ಹೇಳು' ಅಂದಳು."

ಅತ್ತೆ ಸಾಮಾನು ಕಟ್ಟಿದ್ರು. ಮನೆಗೆ ಬಂದು ಅಡುಗೆಮನೇಲಿ ತಟ್ಟೆ ಒರೆಸ್ತಾ ಒರೆಸ್ತಾ, ಒರೆಸಿದ್ದನ್ನೇ ಒರೆಸ್ತಾ, "ತುಂಬಿಬಿಟ್ರೆ ಆಮೇಲೆ ಅವರು ಬರದೇ ಹೋದ್ರೆ?" ಅಂದ್ರು.

"ಅತ್ತೇ, ಅದಕ್ಕೇ ಅಲ್ವಾ ಅವರ ಮನೆಯವರು ಕೇಳ್ತಿರೋದು?"

"ಗೊತ್ತು. ಅವರ ಕಾಲು ನೋಯ್ತಿದೆ. ನಂಗೇನು, ಸ್ಟೂಲಿದೆ."

ಮುಂದಿನ ಭಾನುವಾರ ಬೀರುವಿನಿಂದ ಹಳೇ ಚಿತ್ರ ತೆಗೆದು, ಮಾಲಿಯ ಮಗಳನ್ನೂ ಕರೆಸಿಕೊಂಡು ಅದೇ ಪಾತಿ ಮುಂದೆ ಕೂತ್ರು. ಪಾತಿಗೆ ಬೇರೆ ಯಾರೋ ಡೇಲಿಯಾ ಬದಲು ಜಿನಿಯಾ ಹಾಕಿದ್ರು. ಮಗಳು ಫೋನಲ್ಲಿದ್ದ ಅಪ್ಪನ ಫೋಟೋ ಹಿಡಿದ್ಲು. ತಲೆ ಬಾಚಿ, ಕಾಲರ್ ಗುಂಡಿ ಹಾಕಿ, ಗದರಿಸಿ ಕೂರಿಸಿದ ಹಾಗಿದ್ದ ಮುಖ. ಅತ್ತೆ ಫೋಟೋ ನೋಡಿ, ಮಗಳನ್ನ ನೋಡಿ, "ಇವರು ಅವರಲ್ಲ" ಅಂದ್ರು. ಮಗಳು ನಕ್ಕು, "ಅಲ್ಲ ಮೇಡಂ" ಅಂದಳು.

ಮುಖ ಬರೀಲಿಲ್ಲ. ಟೋಪಿ ಹಾಕಿ, ಅದರ ಕೆಳಗೆ ನೀಲಿ ನೆರಳು ಇಳಿಸಿದ್ರು, ಅಷ್ಟೇ. ನೆರಳು ಒಣಗ್ತಾ ಒಣಗ್ತಾ ಅದರೊಳಗೆ ಯಾರೋ ನಗೋದನ್ನ ತಡೆದುಕೊಂಡ ಹಾಗಾಯ್ತು, ದೇವರಾಣೆ ನಾನು ನೋಡಿದೆ! ಆಮೇಲೆ ಖಾಕಿ ಅಂಗಿ, ಮಣ್ಣಾದ ಪ್ಯಾಂಟು. ಕಾಲಿನ ಹತ್ರ ಬಂದಾಗ ಅತ್ತೆ ಬ್ರಷ್ ಗಾಳೀಲೇ ನಿಂತುಬಿಡ್ತು. ಮಗಳು ನೀರಿನ ಬಾಟಲಿ ಮುಂದಕ್ಕೆ ಹಿಡಿದ್ಲು. ಅತ್ತೆ ಬ್ರಷ್ ಅದ್ದಿಕೊಂಡು ಚಪ್ಪಲಿ ಬರೆದ್ರು.

ಮಗಳು ಅಲ್ಲಿಂದಲೇ ಫೋನ್ ಮಾಡಿದ್ಲು. "ಅಮ್ಮಾ, ಅಪ್ಪನ್ನ ಹಾಕಿಬಿಟ್ರು."

ಆ ಕಡೆಯಿಂದ ಅಮ್ಮನ ದನಿ. "ದಪ್ಪಗೆ ಹಾಕಿದಾರಾ?"

"ಇಲ್ಲಮ್ಮ. ಕಡ್ಡಿ ಥರಾನೇ."

"ಹಾಗಾದ್ರೆ ಅವರೇ. ಕರ್ಕೊಂಡು ಬಾ."

ಚಿತ್ರಾನ ಟವೆಲಲ್ಲಿ ಸುತ್ತಿ ಎದೆಗವಚಿಕೊಂಡು ಮಗಳು ಹೋದ್ಲು. ಅವಳು ಗೇಟು ದಾಟೋವರೆಗೂ ಅತ್ತೆ ನಿಂತೇ ಇದ್ರು.

ಅದರ ಮುಂದಿನ ವಾರ ಮತ್ತೆ ಅದೇ ಪಾತಿ. ಅತ್ತೆ ಆಕಾಶ ಮುಗಿಸಿ, ಮರ ಮುಗಿಸಿ, ಹೂವಿಗೆ ಬಂದ್ರು. ನಾನು ಉಗುರು ಕಚ್ಕೊಂಡು ನೋಡ್ತಿದ್ದೆ. ಬ್ರಷ್ ಎಲ್ಲೂ ಸುತ್ತಿಕೊಂಡು ಹೋಗಲಿಲ್ಲ, ನೇರ ಹೋಯ್ತು, ಕೆಂಪು, ಕಿತ್ತಳೆ, ಹಸಿರು. ಅತ್ತೆ ಬೇರೆ ಕಾಗದ ತಗೊಂಡ್ರು. ಈ ಸಲ ಬೇಕಂತಲೇ, ನಾಲಿಗೆ ಹಲ್ಲಲ್ಲಿ ಕಚ್ಚಿಕೊಂಡು, ಟೋಪಿ ಕೈ, ಸೊಂಟದ ಕೈ, ಎಲ್ಲ ಅಳತೆ ಹಿಡಿದು ನಡುವೆ ಬಿಳಿ ಬಿಟ್ರು. ದೂರ ಹಿಡಿದು ನೋಡಿದ್ರು. ನಾನೂ ನೋಡಿದೆ.

ಬಣ್ಣ ಹಚ್ಚೋದು ಮರೆತ ಕಾಗದ, ಅಷ್ಟೇ.

ಅತ್ತೆ ಅದನ್ನ ಮಡಚಿ, ಅವತ್ತಿನ ಮೊದಲನೇ ಚಿತ್ರ ನನ್ನ ಕಡೆ ನೂಕಿದ್ರು.

"ಇದನ್ನ ಪೋಸ್ಟ್ ಮಾಡು."

"ಏನಂತ ಬರೀಲಿ ಅತ್ತೇ?"

"ಜಿನಿಯಾ ಅಂತ ಬರಿ. ಇನ್ನೇನಿದೆ ಅದರಲ್ಲಿ."