ಲೋರಾಬಾಯಿಯ ಉದ್ದ ಹೆಸರು

ಲೋರಾಬಾಯಿಯ ಪೂರ್ತಿ ಹೆಸರು ಅದೊಲೊರಾತಾ ಎಂದು ದೋಹಾದಲ್ಲಿ ಗೊತ್ತಿದ್ದವರನ್ನು ಬೆರಳಲ್ಲಿ ಎಣಿಸಬಹುದು. ಊರಲ್ಲಿ, ಕಿನ್ನಿಗೋಳಿ ಕಡೆ, ಇಗರ್ಜಿಯ ಪಾದ್ರಿಗಳಿಗೇ ಅದು ನಾಲಗೆಯಲ್ಲಿ ಹೊರಳುತ್ತಿರಲಿಲ್ಲ. ಅಜ್ಜಿ ಅಡುಗೆ ಮಾಡುತ್ತಿದ್ದ ಕಾನ್ವೆಂಟಿನಲ್ಲಿ ಇಟಲಿಯ ಮುದಿ ಸಿಸ್ಟರೊಬ್ಬರಿದ್ದರು. ಮೊಮ್ಮಗಳು ಸೆಪ್ಟೆಂಬರ್ ಹದಿನೈದಕ್ಕೆ, ವ್ಯಾಕುಲ ಮಾತೆಯ ಹಬ್ಬದ ದಿನವೇ ಹುಟ್ಟಿದಳು ಎಂದದ್ದೇ ತಡ, ನಮ್ಮೂರಲ್ಲಿ ಇಂಥವಳಿಗೆ ಇಡುವ ಹೆಸರು ಒಂದೇ ಎಂದು ಅವರು ಕೊಟ್ಟದ್ದಿದು.

ಹೆಸರು ತನ್ನ ಕೆಲಸ ಮಾಡಿತು. ಮದುವೆಯಾದ ಮೂರನೇ ವರ್ಷ ಗಂಡ ತೀರಿಕೊಂಡ. ಕೈಗೂಸನ್ನು ತಾಯಿಯ ಮಡಿಲಿಗೆ ಹಾಕಿ ಕತಾರಿಗೆ ಬಂದ ಲೋರಾಬಾಯಿ, ದೋಹಾ ಅಲ್ ಜದೀದಾದ ಬುರ್ಖಾ ಹೊಲಿಯುವ ಅಂಗಡಿಯಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಓಡಿಸುತ್ತಾ ಇಪ್ಪತ್ತೇಳು ವರ್ಷ ಸವೆಸಿದಳು. ಮಗ ನಡೆಯಲು ಕಲಿತದ್ದನ್ನು ನೋಡಲಿಲ್ಲ, ಮೊದಲ ಪರಮಪ್ರಸಾದ ಸ್ವೀಕರಿಸಿದ್ದನ್ನೂ ನೋಡಲಿಲ್ಲ. ಅಳು ಬಂದಾಗ ಮೆಷಿನನ್ನು ಜೋರಾಗಿ ತುಳಿಯುತ್ತಿದ್ದಳು, ಅಷ್ಟೆ.

ಈಗ ಅದೇ ಮಗ ಸ್ಟ್ಯಾನಿಗೆ ಅಲ್ ಥುಮಾಮಾದಲ್ಲಿ ಫ್ಲ್ಯಾಟಿದೆ, ಹೆಂಡತಿ ಜೆಸ್ವಿಟಾ ಇದ್ದಾಳೆ, ಎರಡು ತಿಂಗಳ ಹೆಣ್ಣುಮಗುವಿದೆ. ಮೊದಲ ಮಗಳಿಗೆ ಅಪ್ಪನ ತಾಯಿಯ ಹೆಸರಿಡುವುದು ಅವರ ಕಡೆಯ ವಾಡಿಕೆ. ತನ್ನ ಹೆಸರು ಒಂದು ಸಲವಾದರೂ ಕಿಲಕಿಲ ನಗುವುದನ್ನು, ಶಾಲೆಯ ಬ್ಯಾಗು ಹಾಕಿಕೊಂಡು ಕುಣಿಯುವುದನ್ನು ನೋಡಬೇಕು. ಲೋರಾಬಾಯಿಗೆ ಉಳಿದಿದ್ದ ಆಸೆ ಅದೊಂದೇ. ಬಾಯಿಬಿಟ್ಟು ಹೇಳಿರಲಿಲ್ಲ. ಕೇಳಿ ಪಡೆದದ್ದು ಯಾವ ಮರ್ಯಾದೆ?

ದೀಕ್ಷಾಸ್ನಾನಕ್ಕೆ ಆರು ದಿನವಿತ್ತು. ಶನಿವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಜೆಸ್ವಿಟಾ ಫೋನ್ ನೋಡಿ ಓದತೊಡಗಿದಳು.

“ಮಮ್ಮಿ, ಇಲ್ಲಿ ನಿಮ್ಮ ಹೆಸರಿನ ಬಗ್ಗೆ ಉಂಟು. ಮೂಲ ಲ್ಯಾಟಿನ್. ಅರ್ಥ, ನೋವು ತುಂಬಿದವಳು. ಮೊದಲು ದಕ್ಷಿಣ ಇಟಲಿಯಲ್ಲಿ ತುಂಬ ಜನ ಇಡ್ತಿದ್ರಂತೆ. ಈಗ ಮಕ್ಕಳಿಗೆ ಯಾರೂ ಇಡುವುದೇ ಇಲ್ವಂತೆ.”

ಸ್ಟ್ಯಾನಿ ತಲೆ ಎತ್ತದೆ ಅನ್ನಕ್ಕೆ ಮೀನು ಸಾರು ಕಲಸುತ್ತಲೇ ಇದ್ದ.

“ಹಾಗಾದ್ರೆ ಅದು ಬೇಡ ಮಗಾ, ಬೇರೆ ಎಂತಾದ್ರೂ ಚಂದದ್ದು ಇಡಿ” ಎಂದಳು ಲೋರಾಬಾಯಿ.

ನೆಂಟರ ಮನೆಯಲ್ಲಿ ತಟ್ಟೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನುವುದಿಲ್ಲವೇ, ಹಾಗೆ ಹೇಳಿದ್ದು. ಬಡಿಸುವವರು ಆ ಕೈ ಸರಿಸಿ ಬಡಿಸುತ್ತಾರೆ. ಹುಟ್ಟಿದಂದಿನಿಂದ ಅವಳು ಕಂಡದ್ದು ಅದನ್ನೇ.

“ಅಬ್ಬ, ಒಳ್ಳೇದಾಯ್ತು” ಎಂದ ಸ್ಟ್ಯಾನಿ. “ನಿಂಗೆ ಬೇಜಾರಾಗ್ತದೋ ಏನೋ, ಹೇಗೆ ಹೇಳುವುದು ಅಂತಲೇ ಇತ್ತು ನಮಗೆ. ಕೇಕಿನ ಮೇಲೆ ಬರೆಯಲಿಕ್ಕೆ ಆಗಲೇ ಅನೈರಾ ಅಂತ ಹೆಸರು ಕೊಟ್ಟಾಗಿದೆ.”

ಲೋರಾಬಾಯಿ ಎದ್ದು ಸಾರು ತಂದು ಮಗನ ತಟ್ಟೆಗೆ ಬಡಿಸಿದಳು.

ಶುಕ್ರವಾರ ಅಬು ಹಮೂರಿನ ಇಗರ್ಜಿಯಲ್ಲಿ ಪಾದ್ರಿಗಳು ಮಗುವಿಗೆ ಯಾವ ಹೆಸರು ಎಂದು ಕೇಳಿದರು. ಎಲ್ಲೋ ಒಂದು ಚೂರು ಆಸೆ ಇನ್ನೂ ಇತ್ತು. ಲೋರಾಬಾಯಿ ಮಗನ ಬಾಯನ್ನೇ ನೋಡಿದಳು. ಸ್ಟ್ಯಾನಿ “ಅನೈರಾ” ಎಂದ. ತಲೆಗೆ ನೀರು ಬಿದ್ದರೂ ಮಗು ಅಳಲಿಲ್ಲ.

ಅಂಗಡಿಯಲ್ಲಿ ಜೊತೆಗೆ ಹೊಲಿಯುವ ಕೊನ್ಸೆಪ್ಟಾ ಪಕ್ಕದಲ್ಲೇ ನಿಂತಿದ್ದಳು. ಕಿವಿಯ ಬಳಿ ಬಾಗಿ, “ಎಂತ ಲೋರಾಬಾಯಿ, ನಿಮ್ಮ ಹೆಸರು ಇಡಲಿಲ್ವಾ? ಸೊಸೆ ಬೇಡ ಅಂದಳಾ?” ಎಂದು ಕೇಳಿದಳು.

“ಇಲ್ಲ ಮಾರಾಯ್ತಿ. ನಾನೇ ಬೇಡ ಅಂದದ್ದು.”

ಅದು ಸುಳ್ಳೂ ಆಗಿರಲಿಲ್ಲ. ಸುಳ್ಳಾಗಿದ್ದರೆ ಮಗನ ಮೇಲೋ ಸೊಸೆಯ ಮೇಲೋ ಸಿಟ್ಟು ಮಾಡಿಕೊಂಡಾದರೂ ಇನ್ನುಳಿದ ದಿನ ತಳ್ಳಬಹುದಿತ್ತು.