ಪಾಣಿಪತ್ತಿಗೆ ಗಂಟೆ ಹೊಡೆಯಲಿಲ್ಲ

ಧಾರವಾಡದಲ್ಲಿ ತಾಸು ಎಂದರೆ ಅರವತ್ತು ನಿಮಿಷ. ಮದುವೆಯಾಗಿ ಪುಣೆಗೆ ಬಂದು ಗಣಿತದ ಟೀಚರಾಗಿ ಶಾಲೆ ಸೇರಿದಾಗ ಇಲ್ಲಿನ ತಾಸು ನಲವತ್ತೈದು ನಿಮಿಷಕ್ಕೇ ಮುಗಿಯುತ್ತದೆಂದು ತಿಳಿಯಿತು. ಮರಾಠಿಯಲ್ಲಿ ಶಾಲೆಯ ಪೀರಿಯಡ್ಡಿಗೂ ತಾಸ್ ಎನ್ನುತ್ತಾರೆ. ಮೊದಲ ದಿನ ನಾನು ನಮ್ಮೂರ ತಾಸಿನ ಅಂದಾಜಿನಲ್ಲಿ ನಿಧಾನವಾಗಿ ಬೀಜಗಣಿತ ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆದು, ಹಿಂದಿ ಟೀಚರ್ ಬಾಗಿಲಲ್ಲಿ ಬಂದು ನಿಂತಿದ್ದರು.

ಆಮೇಲೆ ಒಗ್ಗಿಕೊಂಡೆ. ಮನೆಯಲ್ಲೂ ನಾನು ನಲವತ್ತೈದು ನಿಮಿಷ ಮಾತಾಡಿ ಎದ್ದುಬಿಡುತ್ತೇನೆ ಎಂದು ನನ್ನ ಗಂಡ ಹೇಳುತ್ತಾರೆ. ಅವರಿಗೆ ಅದರಿಂದ ಬೇಸರವಾದಂತೆ ಕಾಣುವುದಿಲ್ಲ.

ಹೋದ ವರ್ಷ ಹೊಸ ಮುಖ್ಯೋಪಾಧ್ಯಾಯಿನಿ ಬಂದರು. ದಿನಕ್ಕೆ ಎಂಟು ವಿಷಯ ತುರುಕಿದರೆ ಮಕ್ಕಳ ತಲೆಯಲ್ಲಿ ಒಂದೂ ನಿಲ್ಲುವುದಿಲ್ಲ, ಇನ್ನು ದಿನಕ್ಕೆ ನಾಲ್ಕೇ ವಿಷಯ, ಒಂದೊಂದಕ್ಕೆ ಗಡಿಯಾರದ ಒಂದೂವರೆ ತಾಸು ಎಂದರು. ಇದಕ್ಕೆ ಬ್ಲಾಕ್ ಎಂದು ಹೆಸರು. ನಾವೆಲ್ಲ ಸಭೆಯಲ್ಲಿ ತಲೆಯಾಡಿಸಿದೆವು. ಹೊರಗೆ ಬಂದ ಮೇಲೆ ಇತಿಹಾಸದ ಸರ್ ಮಾತ್ರ ನನ್ನ ಹತ್ತಿರ ಬಂದು, "ಬಾಯಾರ, ಒಂದೂವರಿ ತಾಸು ಅಂದ್ರ ಪಾಣಿಪತ್ ಒಂದ ದಿನದಾಗ ಮುಗೀತದಲ್ರಿ" ಎಂದರು.

ಅವರು ಬೆಳಗಾವಿಯವರು, ಅಲ್ಲಿ ಟೀಚರಮ್ಮನಿಗೆ ಬಾಯಾರು ಎನ್ನುತ್ತಾರೆ. ಶಾಲೆಯಲ್ಲಿ ನನ್ನೊಂದಿಗೆ ಕನ್ನಡ ಮಾತಾಡುವವರು ಅವರೊಬ್ಬರೇ. ಒಂದೇ ದಿನದಲ್ಲಿ ಪಾಠ ಮುಗಿದರೆ ಒಳ್ಳೆಯದೇ ಅಲ್ಲವೇ ಎಂದು ನನಗನ್ನಿಸಿತು. ಅವರ ಸಂಕಟ ಏನೆಂದು ಅರ್ಥವಾದದ್ದು ಏಳನೇ ತರಗತಿಗೆ ಆ ಪಾಠ ಬಂದ ದಿನ.

ಊಟಕ್ಕೆ ಮುಂಚಿನ ಆ ಹೊತ್ತಿಗೆ ನನಗೆ ಬಿಡುವು. ಸ್ಟಾಫ್ ರೂಮಿಗೂ ಆ ತರಗತಿಗೂ ನಡುವೆ ಇರುವುದು ಬರೀ ಪ್ಲೈವುಡ್ ಗೋಡೆ. ಅವರ ಪಾಣಿಪತ್ತನ್ನು ನಾನು ಪ್ರತಿವರ್ಷ ಆ ಗೋಡೆಯ ಈಚೆಯಿಂದಲೇ ಕೇಳಿದವಳು. ಪುಣೆಯ ಪೇಶ್ವೆಯ ಸೈನ್ಯ ಹೊರಡುತ್ತಿತ್ತು, ಯಮುನೆಯ ದಡ ಸೇರುತ್ತಿತ್ತು, ಬೆಳಗಿನ ಯುದ್ಧದಲ್ಲಿ ನಮ್ಮವರು ಅಫ್ಘನ್ ಶತ್ರುವನ್ನು ಹಿಂದಕ್ಕೆ ಅಟ್ಟುತ್ತಿದ್ದರು, ಅಷ್ಟರಲ್ಲಿ ಗಂಟೆ. ಮರುದಿನ ಅವರು "ಯುದ್ಧ ಮುಗಿದ ಮೇಲೆ" ಎಂದೇ ಶುರು ಮಾಡುತ್ತಿದ್ದರು. ಇಷ್ಟು ವರ್ಷ ಅವರ ತರಗತಿಯಲ್ಲಿ ಮರಾಠರು ಸೋತಿರಲೇ ಇಲ್ಲ.

ಈ ಸಲ ನಮ್ಮವರು ಬೆಳಗ್ಗೆ ಗೆದ್ದರು, ಗಂಟೆ ಹೊಡೆಯಲಿಲ್ಲ. ಸರ್ ಸೈನ್ಯದ ಬಿಡಾರದ ವರ್ಣನೆಗೆ ತಿರುಗಿದರು. ಕುದುರೆಗಳಿಗೆ ಮೇವು ಎಲ್ಲಿಂದ ಬರಬೇಕಿತ್ತು, ಸೈನ್ಯದ ಜೊತೆ ಬಂದ ಯಾತ್ರಿಕರು ಏನು ಉಣ್ಣುತ್ತಿದ್ದರು, ಚಳಿ ಹೇಗಿತ್ತು ಎಂದು ಮಕ್ಕಳೂ ಒಂದೊಂದಾಗಿ ಕೇಳುತ್ತಿದ್ದರು. ಒಬ್ಬ ಹುಡುಗಿ ಕುದುರೆ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂದು ಕೇಳಿದಳು. ಸರ್ ಅದಕ್ಕೂ ಬಹಳ ಹೊತ್ತು ಉತ್ತರ ಕೊಟ್ಟರು. ಕೊನೆಗೆ ಮಾತು ನಿಂತಿತು. ಸ್ಟಾಫ್ ರೂಮಿನ ಬಾಗಿಲಲ್ಲಿ ಅವರ ಮುಖ ಕಾಣಿಸಿತು.

"ಬಾಯಾರ, ಸ್ವಲ್ಪ ಒಳಗ ಹೋಗಿ ಮಧ್ಯಾಹ್ನದ್ದು ಹೇಳಿಬಿಡ್ರಿ."

"ನಾ ಗಣಿತದಾಕಿ ಅದೀನ್ರಿ ಸರ್. ನನಗೇನು ಗೊತ್ತದ?"

"ಸೋತ್ರು ಅಂತ ಗೊತ್ತದಲ್ಲ? ಅಷ್ಟ ಸಾಕು. ನನ್ನ ಬಾಯಿಂದ ಆಗೂದಿಲ್ರಿ. ಪುಣೇದಾಗ ನಿಂತು ಅದನ್ನ ಹೇಳೂದು ಭಾಳ ತ್ರಾಸ."

ಅವರು ನೀರು ಕುಡಿಯಲು ಹೋದರು. ನಾನು ಒಳಗೆ ಹೋಗಿ, ನನ್ನ ಧಾರವಾಡದ ಮರಾಠಿಯಲ್ಲಿ, "ಮಕ್ಕಳೇ, ಮಧ್ಯಾಹ್ನದ ಹೊತ್ತಿಗೆ ಏನಾಯಿತೆಂದರೆ" ಎಂದು ಶುರು ಮಾಡಿ ತಡವರಿಸಿದೆ. ಆ ಕುದುರೆಯ ಹುಡುಗಿ ಎದ್ದು ನಿಂತಳು.

"ಮ್ಯಾಡಮ್, ನಮಗೆ ಗೊತ್ತು. ಪುಸ್ತಕದಲ್ಲೇ ಇದೆ. ಸೋತಿದ್ದು ಹೇಳೋಕೆ ಸರ್‌ಗೆ ಕಷ್ಟ ಆಗುತ್ತೆ ಅಂತ ನಮ್ಮ ಅಣ್ಣ ಹೇಳಿದ್ದ. ಅವನಿಗೂ ಇದೇ ಸರ್. ಅದಕ್ಕೇ ನಾವು ಮೇವು, ನೀರು ಅಂತ ಕೇಳ್ತಾ ಇದ್ವಿ. ಇನ್ನು ಕೇಳೋಕೆ ಏನೂ ಉಳಿದಿಲ್ಲ."

ನಾನು ಹೊರಗೆ ಹೋಗಿ ಸರ್‌ಗೆ ಇದನ್ನು ಹೇಳಿದೆ. ಅವರು ಲೋಟ ಕೆಳಗಿಟ್ಟು, ಕರವಸ್ತ್ರದಿಂದ ಕನ್ನಡಕ ಒರೆಸಿದರು. "ಹುಡುಗರು ನನ್ನ ಸಂಭಾಳಸ್ಲಿಕತ್ತಾವೇನ್ರಿ" ಎಂದರು. ಆಮೇಲೆ ಒಳಗೆ ಹೋಗಿ, ಕುರ್ಚಿಯ ಮೇಲೆ ಕೂತು, ಆ ಮಧ್ಯಾಹ್ನವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಗೋಡೆಯ ಈಚೆ ನಾನು ಪೇಪರ್ ತಿದ್ದುವುದನ್ನು ಬಿಟ್ಟು ಕೂತಿದ್ದೆ. ತರಗತಿಯಲ್ಲಿ ಬೆಂಚಿನ ಸದ್ದೂ ಇರಲಿಲ್ಲ.

ಅದೇ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ಆ ಕಡೆ ಹಾದುಹೋದರಂತೆ. ಮುಂದಿನ ಸಭೆಯಲ್ಲಿ, ಬ್ಲಾಕ್ ಬಂದ ಮೇಲೆ ಮಕ್ಕಳು ಹೇಗೆ ಆಳಕ್ಕೆ ಇಳಿಯುತ್ತಿದ್ದಾರೆ ನೋಡಿ ಎಂದು ಹೊಗಳಿ, ಸರ್‌ಗೆ ಏನಾದರೂ ಬೇಕೇ ಎಂದು ಕೇಳಿದರು. ಸರ್ ಎದ್ದು ನಿಂತು, ಪಾಣಿಪತ್ ಆದ ಮೇಲೆ ತಮಗೆ ಊಟ ಸೇರುವುದಿಲ್ಲ, ಇತಿಹಾಸವನ್ನು ಊಟದ ಬಿಡುವಿಗೆ ಮುಂಚೆ ಇಡಬೇಡಿ ಎಂದು ಕೇಳಿಕೊಂಡರು. ವೇಳಾಪಟ್ಟಿ ಬದಲಾಯಿತು. ಈಗ ಊಟಕ್ಕೆ ಮುಂಚಿನ ಒಂದೂವರೆ ತಾಸು ನನ್ನದು. ಹಸಿದ ಮಕ್ಕಳು ನನ್ನ ಬೀಜಗಣಿತದ ಬಗ್ಗೆ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ.