ಇನ್ನೊಬ್ಬ ಸರ್ವಮಂಗಳ

ಗುಬ್ಬಿ, ಕುಣಿಗಲ್ ಸುತ್ತಿನ ಹೆಂಗಸರ ಹಾಡುಗಳನ್ನು ರೆಕಾರ್ಡ್ ಮಾಡುತ್ತ ಸರ್ವಮಂಗಳ ವರ್ಷಗಟ್ಟಲೆ ಊರೂರು ಅಲೆದಳು. ಗಂಡ ಗುರುಪ್ರಕಾಶ್ ತುಮಕೂರಿನ ಖಾಸಗಿ ಕಾಲೇಜೊಂದರ ಗ್ರಂಥಪಾಲಕ. ಭಾನುವಾರ ಮರಳೂರಿನ ಮನೆಯಲ್ಲಿ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದರು. ಹಾಡಿದವರು ಯಾರು, ಯಾವ ಊರು ಎಂದು ಅವಳು ಹೇಳುವಳು, ಅವನು ಟೈಪ್ ಮಾಡುವನು. ಸಂಗ್ರಹಿಸಿದವರು ಎನ್ನುವ ಜಾಗದಲ್ಲಿ ಅವಳ ಹೆಸರನ್ನು ಅವನೇ ತುಂಬುತ್ತಿದ್ದ.

ಎಲ್ಲವೂ ಕಾಲೇಜಿನ ಸರ್ವರ್‌ನಲ್ಲಿತ್ತು. ಹಲವು ಸಂಗ್ರಹಗಳ ವಿವರಗಳನ್ನು ಒಂದೆಡೆ ತೋರಿಸುವ, ದೂರದ ದೊಡ್ಡ ಪೋರ್ಟಲ್ ಒಂದು ಆಗಾಗ ಆ ಸರ್ವರನ್ನು ಹೊಸದೇನಿದೆ ಎಂದು ಕೇಳಿ, ಹಾಡುಗಳನ್ನು ಅಲ್ಲೇ ಬಿಟ್ಟು, ವಿವರಗಳನ್ನಷ್ಟೇ ನಕಲು ಮಾಡಿಕೊಳ್ಳುತ್ತಿತ್ತು. ಇದಕ್ಕೆ ಹಾರ್ವೆಸ್ಟಿಂಗ್ ಅಂತಾರೆ ಎಂದು ಅವನು ಹೇಳಿದರೆ, "ಕುಯ್ಲು ಅನ್ರಿ, ಹಾಡೋರ್ಗೂ ಅರ್ಥ ಆಗ್ಲಿ" ಎಂದು ಅವಳು ನಗುತ್ತಿದ್ದಳು.

ಹೋದ ವರ್ಷ ನಿಟ್ಟೂರಿನಲ್ಲಿ ಮುದುಕಿಯೊಬ್ಬಳ ಹಾಡು ಕೇಳುತ್ತ ಕೂತವಳು ಹಾಗೇ ಪಕ್ಕಕ್ಕೆ ಒರಗಿದಳು. ಗುಬ್ಬಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಅದಾದ ಮೇಲೆ ಕಾಲೇಜಿನವರು ವೆಬ್‌ಸೈಟ್ ಬದಲಿಸಿ ಹಳೆಯ ಸರ್ವರ್ ಮುಚ್ಚಿದರು. ಹಾಡುಗಳ ಪ್ರತಿ ಮನೆಯಲ್ಲಿತ್ತು, ಪೋರ್ಟಲ್‌ನಲ್ಲಿ ವಿವರಗಳೂ ಉಳಿದಿದ್ದವು. ಅಷ್ಟಾದರೂ ಇದೆಯಲ್ಲ ಎಂದು ಗುರುಪ್ರಕಾಶ್ ಸಮಾಧಾನ ಮಾಡಿಕೊಂಡ.

ಕುಣಿಗಲ್‌ನಲ್ಲಿ ಮಗನ ಮನೆಯಲ್ಲಿದ್ದ ಅತ್ತೆ ಸಿದ್ದಗಂಗಮ್ಮ ಒಂದು ದಿನ ಮಗಳ ಹೆಸರು ತೋರಿಸು ಎಂದರು. ಅವನು ಮೊಬೈಲ್‌ನಲ್ಲಿ ಪೋರ್ಟಲ್ ತೆರೆದ. ಸರ್ವಮಂಗಳ ಎಂಬ ಹೆಸರಿನ ಪಕ್ಕ ಕನ್ನಡಕ ಹಾಕಿದ ಯಾರೋ ಹೆಂಗಸಿನ ಫೋಟೊ ಇತ್ತು. ಕೆಳಗೆ ಬೇರೆ ಊರು, ಬೇರೆ ಹುಟ್ಟಿದ ವರ್ಷ, ಆಕೆ ಬರೆದ ಪುಸ್ತಕಗಳು. ಅವುಗಳ ಜೊತೆಗೇ ತನ್ನ ಹೆಂಡತಿ ಅಲೆದು ತಂದ ಅಷ್ಟೂ ಹಾಡುಗಳು.

"ಇವ್ಳ್ಯಾರಪ್ಪಾ?" ಎಂದರು ಸಿದ್ದಗಂಗಮ್ಮ.

ಗುರುಪ್ರಕಾಶ್ ಪೋರ್ಟಲ್‌ನವರಿಗೆ ಬರೆದ. ಮಾಹಿತಿಗಳನ್ನು ಒಂದಕ್ಕೊಂದು ಹೆಣೆಯುವ ಹೊಸ ವ್ಯವಸ್ಥೆಗೆ ಹೋಗಿದ್ದೇವೆ, ಅದರಲ್ಲಿ ಪ್ರತಿಯೊಬ್ಬರನ್ನೂ ಗುರುತಿಸಲು ಅವರದೇ ಜಾಲವಿಳಾಸ ಇರಬೇಕು ಎಂದು ಅವರು ವಿವರಿಸಿದರು. ಹಳೆಯ ಕುಯ್ಲಿನಲ್ಲಿ ಬಂದದ್ದು ಬರೀ ಹೆಸರು. ಯಾವ ಸರ್ವಮಂಗಳ ಎಂಬ ಗುರುತಿಲ್ಲದ್ದರಿಂದ ಯಂತ್ರ ಇಬ್ಬರನ್ನೂ ಒಬ್ಬಳೆಂದುಕೊಂಡಿತ್ತು. ಮೂಲದ ಸರ್ವರ್‌ನಲ್ಲಿ ತಿದ್ದಿರಿ, ಇಲ್ಲಿ ತಾನಾಗಿ ಸರಿಹೋಗುತ್ತದೆ ಎಂದರು. ಮೂಲವೇ ಈಗಿಲ್ಲ ಎಂದು ಇವನು ಮತ್ತೆ ಮತ್ತೆ ಬರೆದ. ಹೊಸ ಸರ್ವರ್‌ಗಾಗಿ ಕಾಲೇಜಿನಲ್ಲಿ ಕೇಳಿದ. ಮುಂದೆ ನೋಡೋಣ ಎಂದರು. ಕೊನೆಗೆ ಪೋರ್ಟಲ್‌ನ ಯಾರೋ ಕನಿಕರಪಟ್ಟು ಇಬ್ಬರನ್ನು ಬೆಸೆದಿದ್ದ ಕೊಂಡಿ ಕತ್ತರಿಸಿದರು. ಅದಕ್ಕಿಂತ ಹೆಚ್ಚಿನದು ತಮ್ಮ ಕೈಲಿಲ್ಲವೆಂದರು.

ಅವನು ಕುಣಿಗಲ್‌ಗೆ ಹೋಗಿ ತೋರಿಸಿದ. ಕನ್ನಡಕದ ಹೆಂಗಸು ಹೋಗಿದ್ದಳು. ಖಾಲಿ ಚೌಕದ ಪಕ್ಕ ಹೆಸರೊಂದೇ ಇತ್ತು.

"ನಮ್ ಮಂಗಳನ್ ಮುಖ ಹಾಕಕ್ಕಾಗಲ್ವಾ?"

ಆಗಲ್ಲವಂತೆ ಎಂದ. ಸಿದ್ದಗಂಗಮ್ಮ ಸೆರಗಿನಿಂದ ಮೊಬೈಲನ್ನು ಒರೆಸಿ, ಇನ್ನೊಮ್ಮೆ ನೋಡಿ, ಅವನ ಕೈಗೆ ಕೊಟ್ಟರು. "ಮೊದ್ಲು ಯಾರೋ ಒಬ್ಳಾದ್ರೂ ಇದ್ಲು ಕಣಪ್ಪಾ" ಎಂದರು.

ಗುರುಪ್ರಕಾಶ್ ಅತ್ತೆಯ ಮಂಡಿಯ ಮೇಲೆ ತಲೆಯಿಟ್ಟು, ಮಣ್ಣು ಮಾಡಿದ ದಿನವೂ ಅಳದಿದ್ದವನು, ಅತ್ತ.